ಅಡಿಕೆ ತೋಟದಲ್ಲಿ ಕೂಗಿದ್ದು ಯಾವ ಹಕ್ಕಿ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 56. ಮನೆ ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಕೆಳಗೆ ಹಳ್ಳ. ರಜೆಗೆ ಬಂದಾಗಲೆಲ್ಲ ಎಂಟು ವರ್ಷದ ಮೊಮ್ಮಗಳು "ಅಜ್ಜಿ, ಇದು ಯಾವ ಹಕ್ಕಿ, ಅದು ಯಾವ ಚಿಟ್ಟೆ" ಅಂತ ತಲೆ ತಿನ್ನುತ್ತಾಳೆ. ಅವಳಿಗಾಗಿ ನಾನೇ ಕಲಿಯೋಣ ಅಂತ ನಾಲ್ಕು ತಿಂಗಳಿಂದ ಫೋನಿನಲ್ಲಿ ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆಪ್ ಹಾಕಿಕೊಂಡು ಕೂತಿದ್ದೇನೆ. ಹತ್ತು ಹಕ್ಕಿಯೂ ಸರಿಯಾಗಿ ಬಂದಿಲ್ಲ. ಮೊನ್ನೆ ಒಂದೇ ಹಲಸಿನ ಮರದಿಂದ ಬಂದ ಕೂಗಿಗೆ ಆಪ್ ನಾಲ್ಕು ಹೆಸರು ತೋರಿಸಿತು. ಮರದಲ್ಲಿ ಒಂದೂ ಕಾಣಲಿಲ್ಲ. ಕಪ್ಪು ಚಿಟ್ಟೆಗಳಂತೂ ನನಗೆ ಎಲ್ಲವೂ ಒಂದೇ. ಮಳೆಗಾಲದಲ್ಲಿ ಗುರುತು ಮಾಡಿಕೊಂಡ ಕಂದು ಚಿಟ್ಟೆ ಈಗ ಬೇರೆಯೇ ಥರ ಕಾಣುತ್ತದೆ. ಇದರ ಮೇಲೆ ರಾತ್ರಿ ತೋಟದಂಚಿನ ಮಾವಿನ ಮರದಲ್ಲಿ ಏನೋ ನಡುಗುವ ದನಿಯಲ್ಲಿ ಕೂಗುತ್ತದೆ. ನಮ್ಮತ್ತೆ ಅದು ಸಾವಿನ ಸೂಚನೆ ಅಂತ ಬಾಗಿಲು ಹಾಕಿಸುತ್ತಾರೆ. ನನಗೆ ಸಂಗೀತದ ಕಿವಿ ಇಲ್ಲ, ಅದಕ್ಕೇ ಹೀಗಾ? ಬೈನಾಕ್ಯುಲರ್ ಕೊಳ್ಳಲಾ, ಕ್ಯಾಮೆರಾ ಕೊಳ್ಳಲಾ, ಪಕ್ಷಿ ವೀಕ್ಷಣೆ ಕ್ಯಾಂಪಿಗೆ ಹೋಗಲಾ? ಹಲಸಿನ ಮರದ ಕೂಗಿನ 40 ಸೆಕೆಂಡಿನ ರೆಕಾರ್ಡಿಂಗ್ ಕಳಿಸಿದ್ದೇನೆ.

ಉತ್ತರ: ನಿಮ್ಮ ರೆಕಾರ್ಡಿಂಗ್ ಮೂರು ಸಲ ಕೇಳಿದೆ. ಮೊದಲ 25 ಸೆಕೆಂಡಿನಲ್ಲಿ ಆಪ್‌ಗೆ ಮೂರು ಹಕ್ಕಿ ಕೇಳಿಸಿದೆ. ಬಿಜ್ಜು, ಪನ್ನಗಾರಿ ಹದ್ದು, ಎಲೆಹಕ್ಕಿ. ನನಗೆ ಕೇಳಿಸಿದ್ದು ಒಂದೇ ಹಕ್ಕಿ. ಭೀಮರಾಜ. ನಾಲ್ಕನೇ ಹೆಸರಿನ ಕಥೆ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಭೀಮರಾಜ ನಿಮ್ಮ ಕಡೆ ಹೊಸದಲ್ಲ. ಹೊಳೆಯುವ ಕಪ್ಪು ಮೈ, ನೆತ್ತಿಯ ಮೇಲೆ ಗುಂಗುರು ಜುಟ್ಟು, ಬಾಲದಿಂದ ಎರಡು ತಂತಿ ಇಳಿಬಿದ್ದು ಅದರ ತುದಿಗೆ ಒಂದೊಂದು ಪುಟ್ಟ ಬಾವುಟ. ಕಾಜಾಣದ ಜಾತಿಯದು. ಕೆಲವು ಊರುಗಳಲ್ಲಿ ಇದನ್ನೇ ಕಾಜಾಣ ಅಂತಾರೆ. ಇದು ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುವುದರಲ್ಲಿ ಪಳಗಿದ ಹಕ್ಕಿ. ಬಿಜ್ಜು, ಪನ್ನಗಾರಿಯಂಥ ಬೇಟೆ ಹಕ್ಕಿಗಳ ಕೂಗನ್ನು ತೆಗೆದರೆ ಸುತ್ತಲಿನ ಪುಟ್ಟ ಹಕ್ಕಿಗಳೂ ಬೆಚ್ಚಿಬೀಳುತ್ತವೆ. ಸುಮ್ನೆ ಆಟಕ್ಕೆ ಮಾಡುವುದಲ್ಲ ಇದು. ಭೀಮರಾಜ ಬೇರೆ ಬೇರೆ ಹಕ್ಕಿಗಳ ಗುಂಪಿನ ಜೊತೆ ತಿರುಗುತ್ತದೆ. ಗುಂಪು ಎಲೆ ಕೆದಕುತ್ತಾ ಹೋದಾಗ ಹಾರಿದ ಹುಳ ಇದಕ್ಕೆ ಊಟ. ಅಪಾಯ ಬಂದಾಗ ಇದೇ ಮೊದಲು ಕೂಗಿ ಎಚ್ಚರಿಸುತ್ತದೆ. ಹಾಗೆ ಎಚ್ಚರಿಸುವಾಗ ಬೇಟೆ ಹಕ್ಕಿಗಳ ಕೂಗನ್ನೂ, ಬೇರೆ ಹಕ್ಕಿಗಳ ಗಾಬರಿ ಕೂಗನ್ನೂ ಸೇರಿಸಿಕೊಳ್ಳುತ್ತದೆ.

ನಾನು ಇದರ ಕೈಯಲ್ಲಿ ಮೋಸ ಹೋದ ಲೆಕ್ಕ ಇಟ್ಟಿಲ್ಲ. ಇಪ್ಪತ್ತು ವರ್ಷದ ಹಿಂದೆ ಆಗುಂಬೆ ಹತ್ತಿರ ಏಳೆಂಟು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಬಿಜ್ಜು ಕೂಗಿದ್ದು ಕೇಳಿ, "ಸದ್ದು ಮಾಡಬೇಡಿ, ತೋರಿಸ್ತೀನಿ" ಅಂತ ಅರ್ಧ ಗಂಟೆ ಕುತ್ತಿಗೆ ಎತ್ತಿ ನಿಲ್ಲಿಸಿದೆ. ಕೊನೆಗೆ ಕೊಂಬೆ ಮೇಲೆ ಕಂಡದ್ದು ಬಾಲದ ಬಾವುಟ ಎರಡೂ ಉದುರಿಹೋಗಿದ್ದ ಒಂದು ಭೀಮರಾಜ. ಹುಡುಗರು ಇವತ್ತಿಗೂ ಅದನ್ನು ಮರೆತಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಒಂದೇ ಕೊಂಬೆಯಿಂದ ಒಂದು ನಿಮಿಷದೊಳಗೆ ಮೂರ್ನಾಲ್ಕು ಜಾತಿಯ ಕೂಗು ಬಂದರೆ ಮೊದಲು ಭೀಮರಾಜನ ಮೇಲೆ ಅನುಮಾನ ಪಡಿ. ಅನುಕರಣೆಯ ನಡುನಡುವೆ ಅದರದೇ ದನಿ ನುಸುಳುತ್ತದೆ. ಕಂಚಿನ ಪಾತ್ರೆಗೆ ಚಮಚ ತಾಗಿದಂಥ ಒಂದು ಟಣತ್ಕಾರ. ಇನ್ನೊಂದು ವಿಷಯ, ನಿಜವಾದ ಪನ್ನಗಾರಿ ಸಾಮಾನ್ಯವಾಗಿ ಬಿಸಿಲೇರಿದ ಮೇಲೆ ಆಕಾಶದಲ್ಲಿ ಸುತ್ತು ಹೊಡೆಯುತ್ತಾ ಕೂಗುತ್ತದೆ. ಬೆಳಿಗ್ಗೆ ಏಳಕ್ಕೆ ಹಲಸಿನ ಎಲೆಗಳ ಮಧ್ಯದಿಂದ ಅದರ ಕೂಗು ಬಂದರೆ ನಂಬುವ ಮೊದಲು ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ಕೇಳಿ.

ಈಗ ನಿಮ್ಮ "ಸಂಗೀತದ ಕಿವಿ" ವಿಷಯ. ಇದು ಬಹಳ ಜನ ಹೇಳುವ ಮಾತು. ನಿಜ ಅಲ್ಲ. ಕೊಟ್ಟಿಗೆಯಲ್ಲಿ ಕೂಗಿದ್ದು ಯಾವ ದನ ಅಂತ ನೀವು ಒಲೆ ಮುಂದೆ ಕೂತೇ ಹೇಳುತ್ತೀರಲ್ವಾ? ದಣಪೆ ದಾಟಿ ಬಂದ ಬೈಕು ಮಗನದಾ ಪಕ್ಕದ ಮನೆಯವರದಾ ಅಂತಲೂ ಗೊತ್ತಾಗುತ್ತದೆ. ಹಕ್ಕಿಗೂ ಬೇಕಾದದ್ದು ಅದೇ ಕಿವಿ. ರಾಗ ತಾಳ ಬೇಡ, ರೂಢಿ ಬೇಕು. ಆದರೆ ವಯಸ್ಸಿನ ವಿಷಯ ಮುಚ್ಚಿಡುವುದಿಲ್ಲ. ಐವತ್ತು ದಾಟಿದ ಮೇಲೆ ತುಂಬ ಕೀಚಲು ದನಿಗಳು ಕಿವಿಗೆ ಮಂಕಾಗುತ್ತಾ ಹೋಗುತ್ತವೆ. ದಾಸವಾಳದ ಮೇಲೆ ಸೂರಕ್ಕಿ ಚಿಪ್ ಅಂದದ್ದು ಮೊಮ್ಮಗಳಿಗೆ ಕೇಳಿಸಿ ನಿಮಗೆ ಕೇಳಿಸದೇ ಹೋಗಬಹುದು. ನನಗೂ ಈಗ ಹಾಗೇ ಆಗುತ್ತಿದೆ. ಅಂಥವನ್ನು ಅವಳಿಗೆ ಬಿಡಿ. ಕುಟುರ, ಕೆಂಬೂತ, ಮಂಗಟ್ಟೆಯಂಥ ತೋರ ದನಿಗಳು ನಿಮ್ಮ ಪಾಲಿಗೆ.

ನಾಲ್ಕು ತಿಂಗಳಲ್ಲಿ ಹತ್ತು ಹಕ್ಕಿ ಬರಲಿಲ್ಲ ಅನ್ನುವುದಕ್ಕೆ ನಿಜವಾದ ಕಾರಣ ಬೇರೆ. ನೀವು ಒಂದು ಹಕ್ಕಿಗೆ ಒಂದು ಕೂಗು ಅಂದುಕೊಂಡಿದ್ದೀರಿ. ಆಪ್ ಹೆಸರು ತೋರಿಸಿದ ಕೂಡಲೇ ಕೇಳುವುದನ್ನು ನಿಲ್ಲಿಸುತ್ತಿದ್ದೀರಿ. ಮಡಿವಾಳ ಹಕ್ಕಿಯನ್ನೇ ನೋಡಿ. ಮಾರ್ಚ್ ಹೊತ್ತಿಗೆ ಗಂಡು ತಂತಿ ಮೇಲೆ ಕೂತು ಬೆಳಕು ಹರಿಯುವ ಮೊದಲೇ ಉದ್ದುದ್ದ ಹಾಡುತ್ತದೆ. ಅದು ಇದು ನನ್ನ ಜಾಗ ಎಂಬ ಘೋಷಣೆ, ಹೆಣ್ಣಿಗೆ ಕರೆಯೂ ಹೌದು. ಅದೇ ಹಕ್ಕಿ ಬೆಕ್ಕು ಕಂಡರೆ ಕರ್ರ್ ಅಂತ ಒರಟಾಗಿ ಬೈಯುತ್ತದೆ. ಮಳೆ ಜೋರಾದ ಮೇಲೆ ಹಾಡು ಕಡಿಮೆಯಾಗುತ್ತದೆ. ಹಾಡು ಕಲಿತವರಿಗೆ ಬೈಗುಳ ಗೊತ್ತಾಗುವುದಿಲ್ಲ.

ಕೋಗಿಲೆಯದಂತೂ ದೊಡ್ಡ ಗೊಂದಲ. ಕುಹೂ ಅನ್ನುವುದು ಹೆಣ್ಣು ಅಂತ ಹಾಡು ಕಟ್ಟಿದವರೆಲ್ಲ ನಂಬಿಸಿಬಿಟ್ಟಿದ್ದಾರೆ. ಕುಹೂ ಅನ್ನುವುದು ಗಂಡು, ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆಯದು, ಅದರ ಕೂಗು ಕಿಕ್-ಕಿಕ್-ಕಿಕ್ ಅಂತ ಒರಟು. ಚಳಿಗಾಲದಲ್ಲಿ ಕೋಗಿಲೆ ಊರು ಬಿಟ್ಟು ಹೋಗುತ್ತದೆ ಅನ್ನುವ ಮಾತೂ ಇದೆ. ಎಲ್ಲಿಗೂ ಹೋಗಿರುವುದಿಲ್ಲ, ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೆ.

ನಿಮಗೆ ನಾನು ಹೇಳುವ ಕೆಲಸ ಇದು. ಏಪ್ರಿಲ್ ರಜೆಗೆ ಇನ್ನೂ ಎರಡು ತಿಂಗಳಿದೆ. ಅಂಗಳ ಬಿಟ್ಟು ಎಲ್ಲೂ ಹೋಗಬೇಡಿ. ಬೆಳಿಗ್ಗೆ ಆರೂವರೆಯಿಂದ ಹದಿನೈದು ನಿಮಿಷ ಜಗಲಿಯಲ್ಲಿ ಕೂತು ಒಂದೇ ಒಂದು ಕೂಗನ್ನು ಹಿಡಿದುಕೊಳ್ಳಿ. ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಹೆಸರು ಬೇಡ. ಕೂಗನ್ನು ನಿಮಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಪುಸ್ತಕದವರು ಬರೆದದ್ದು ನಮ್ಮ ಕಿವಿಗೆ ಕೂರುವುದಿಲ್ಲ. ಕುಟುರ ಹಕ್ಕಿ ಮೊದಲು ಟರ್ರ್ ಅಂತ ಗಂಟಲು ಸರಿಮಾಡಿಕೊಂಡು ಆಮೇಲೆ ಕುಟ್ರೂ ಕುಟ್ರೂ ಶುರು ಮಾಡುತ್ತದೆ. ಒಂದು ಶುರು ಮಾಡಿದರೆ ಆಚೆ ಬೆಟ್ಟದಿಂದ ಇನ್ನೊಂದು ಉತ್ತರ ಕೊಡುತ್ತದೆ. ಮೈ ಹಸಿರು, ಕೂತ ಮರವೂ ಹಸಿರು, ಹಾಗಾಗಿ ಇದು ಕೇಳಿಸಿದಷ್ಟು ಕಾಣಿಸುವುದಿಲ್ಲ. ಬೇಲಿಯಲ್ಲಿ ಟುವ್ವಿ ಟುವ್ವಿ ಅನ್ನುವ ಪುಟಾಣಿಗೆ ಟುವ್ವಿ ಹಕ್ಕಿ ಅಂತಲೇ ಹೆಸರು. ಹೆಬ್ಬೆರಳು ಗಾತ್ರದ ಮೈಯಲ್ಲಿ ಅಷ್ಟು ದನಿ ಎಲ್ಲಿಟ್ಟುಕೊಂಡಿದೆಯೋ. ಕೆಂಬೂತ ಪೊದೆಯೊಳಗಿಂದ ಊಪ್ ಊಪ್ ಊಪ್ ಅಂತ ಖಾಲಿ ಕೊಡಪಾನ ಊದಿದ ಹಾಗೆ. ಬೂದು ಮಂಗಟ್ಟೆ ಯಾರೋ ಕುಹಕದಿಂದ ನಕ್ಕ ಹಾಗೆ.

ಕಣ್ಣಿಗೆ ಕಾಣದವನ್ನು ಬೇರ್ಪಡಿಸಲು ವೇಗ ಸಹಾಯ ಮಾಡುತ್ತದೆ. ಶಿವಮೊಗ್ಗ ಪೇಟೆಯ ಕಡೆ ಆಲದ ಮರದಲ್ಲಿ ಟುಕ್, ಟುಕ್, ಟುಕ್ ಅಂತ ಒಂದೇ ಹದದಲ್ಲಿ ತಾಮ್ರ ಬಡಿಯುವುದು ಕಂಚುಕುಟಿಗ. ಮಳೆ ಜಾಸ್ತಿ ಬೀಳುವ ನಿಮ್ಮ ಕಡೆಯ ಕಾಡಿನಲ್ಲಿ ಅದರ ದಾಯಾದಿ ಇದೆ, ಮುಖ ಕೆಂಪು. ಅದರ ಬಡಿತ ಇನ್ನೂ ಚುರುಕು. ಎರಡೂ ಕುಟುರದ ಬಳಗವೇ. ಚಳಿಗಾಲದ ಅತಿಥಿಗಳಲ್ಲೂ ಹೀಗೇ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬರುವ ಎರಡು ಪುಟ್ಟ ಉಲಿಯಕ್ಕಿಗಳು ನೋಡಲು ಬರೀ ಮಾಸಲು. ಒಂದು ಮರದ ಮೇಲೆ ಚೀ-ವೀ ಅನ್ನುತ್ತದೆ, ಇನ್ನೊಂದು ಪೊದೆಯೊಳಗೆ ಟಕ್, ಟಕ್ ಅನ್ನುತ್ತದೆ. ಬಣ್ಣ ನೋಡಿ ಒದ್ದಾಡಿದವರಿಗೆ ಕಿವಿ ಒಂದು ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಮುಂದಿನ ಮುಂಗಾರಿಗೆ ಒಂದನ್ನು ಉಳಿಸಿಕೊಳ್ಳಿ. ಮೃಗಶಿರಾ ಮಳೆ ಹಿಡಿದ ಮೇಲೆ ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ಹುಡುಗ ದಾರಿ ತಪ್ಪಿ, ರಾಗವೂ ತಪ್ಪಿ ಸಿಳ್ಳೆ ಹಾಕುತ್ತಾ ಹೋದ ಹಾಗೆ ಕೇಳಿಸುತ್ತದೆ. ಸರಳೆ ಸಿಳ್ಳಾರ. ಕಪ್ಪುನೀಲಿ ಹಕ್ಕಿ, ಹೆಗಲ ಮೇಲೆ ಹೊಳೆಯುವ ನೀಲಿ. ಇದನ್ನು ಬರೆದುಕೊಳ್ಳಲು ಹೋಗಬೇಡಿ, ಹಾಸಿಗೆಯಲ್ಲೇ ಮಲಗಿ ಕೇಳಿ.

ಚಿಟ್ಟೆಗೆ ಬರೋಣ. ಅಲ್ಲಿ ಕಿವಿಗೆ ಕೆಲಸವಿಲ್ಲ, ಕಣ್ಣಿಗೇ ಎಲ್ಲ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಕಪ್ಪು ಚಿಟ್ಟೆಗಳೆಲ್ಲ ಒಂದೇ ಥರ ಕಾಣುತ್ತವೆ ಅಂದಿರಿ. ಹಾಗೆ ಕಾಣಲಿ ಅಂತಲೇ ಅವು ಹಾಗಿರುವುದು! ನಿಮ್ಮ ಬೇಲಿಯಲ್ಲಿ ಈಶ್ವರಿ ಬಳ್ಳಿ ಇದೆಯಾ ನೋಡಿ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಎರಡು ಕಪ್ಪು ಚಿಟ್ಟೆಗಳ ಹುಳುಗಳು ಆ ಬಳ್ಳಿಯ ಜಾತಿಯ ಎಲೆಯನ್ನೇ ತಿನ್ನುತ್ತವೆ. ಬಳ್ಳಿಯ ವಿಷ ಹುಳುವಿನ ಮೈಯಲ್ಲಿ ಉಳಿದು, ರೆಕ್ಕೆ ಬಂದ ಮೇಲೂ ಇರುತ್ತದೆ. ಒಮ್ಮೆ ತಿಂದು ಬಾಯಿ ಕೆಡಿಸಿಕೊಂಡ ಹಕ್ಕಿ ಮತ್ತೆ ಅಂಥದ್ದನ್ನು ಮುಟ್ಟುವುದಿಲ್ಲ.

ಈಗ ಹಿತ್ತಲಿನ ಕರಿಬೇವು, ನಿಂಬೆ ಗಿಡಕ್ಕೆ ಬನ್ನಿ. ಅಲ್ಲಿ ಮೊಟ್ಟೆಯಿಡುವ ಕಾಮನ್ ಮಾರ್ಮನ್‌ಗೆ ವಿಷವಿಲ್ಲ. ಹಕ್ಕಿಗೆ ಒಳ್ಳೆಯ ತುತ್ತು. ಅದರ ಗಂಡಿನ ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು, ಅಷ್ಟೆ. ಹೆಣ್ಣು ಮಾತ್ರ ಮೂರು ವೇಷದಲ್ಲಿ ಸಿಗುತ್ತದೆ. ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಇನ್ನೊಂದು ಕ್ರಿಮ್ಸನ್ ರೋಸ್‌ನಂತೆ. ವಿಷವಿಲ್ಲದ್ದು ವಿಷವಿದ್ದದ್ದರ ವೇಷ ಹಾಕಿ ಬದುಕಿಕೊಳ್ಳುವ ಈ ಉಪಾಯವನ್ನು ಹೆನ್ರಿ ಬೇಟ್ಸ್ ಎಂಬಾತ ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಗಮನಿಸಿ 1862ರಲ್ಲಿ ಬರೆದ. ನಮ್ಮ ಕರಿಬೇವಿನ ಗಿಡದಲ್ಲಿ ಅದು ದಿನಾ ನಡೆಯುತ್ತದೆ.

ವೇಷ ಕಳಚುವ ಗುಟ್ಟು ಸುಲಭ. ರೆಕ್ಕೆ ನೋಡಬೇಡಿ, ಮೈ ನೋಡಿ. ರೋಸ್‌ಗಳ ತಲೆ, ಹೊಟ್ಟೆ ಕುಂಕುಮದ ಕೆಂಪು. ಮಾರ್ಮನ್‌ನ ಮೈ ಕಪ್ಪು. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪತ್ತೇದಾರಿ ಆಟ ಸಿಗಲಿಕ್ಕಿಲ್ಲ. ಹಾರಾಟವನ್ನೂ ಗಮನಿಸಿ. ವಿಷವಿದ್ದದ್ದು ಯಾರ ಹಂಗೂ ಇಲ್ಲದ ಹಾಗೆ ನಿಧಾನ ತೇಲುತ್ತದೆ, ಮಾರ್ಮನ್‌ಗೆ ಗಡಿಬಿಡಿ. ಇನ್ನು ದೊಡ್ಡ ಕಪ್ಪು ಚಿಟ್ಟೆಯ ಹಿಂದಿನ ರೆಕ್ಕೆಯಲ್ಲಿ ಬೂದುನೀಲಿ ಪಟ್ಟೆ ಇದ್ದರೆ ನೀಲಿ ಮಾರ್ಮನ್. ಹಿಂದಿನ ರೆಕ್ಕೆ ಅರಿಶಿನ ಬಳಿದ ಹಾಗಿದ್ದು, ಮರದ ತಲೆಯ ಎತ್ತರದಲ್ಲಿ ಹಕ್ಕಿಯ ಹಾಗೆ ತೇಲಿದರೆ ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯದ ಚಿಟ್ಟೆ. ಅದರ ಹುಳುವಿಗೂ ಈಶ್ವರಿ ಬಳ್ಳಿಯ ಬಳಗವೇ ಬೇಕು. ಹಾಗಾಗಿ ಬೇಲಿ ಸವರುವವರಿಗೆ ಆ ಬಳ್ಳಿ ತೋರಿಸಿ, ಬಿಡಲು ಹೇಳಿ.

ನಿಮ್ಮ ಕಂದು ಚಿಟ್ಟೆ ಬಹುಶಃ ಸಂಜೆ ಹೊತ್ತು ಹಾರಿ ದೀಪಕ್ಕೂ ಬರುವ ಈವ್ನಿಂಗ್ ಬ್ರೌನ್. ನೀವು ತಪ್ಪು ಕಲಿತಿಲ್ಲ. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಬೊಟ್ಟುಗಳ ಸಾಲು. ಒಣ ಹವೆಯಲ್ಲಿ ಹುಟ್ಟಿದ್ದಕ್ಕೆ ಅವು ಮಾಯವಾಗಿ ರೆಕ್ಕೆ ತರಗೆಲೆಯಂತೆ. ಸುತ್ತ ಹಸಿರಿದ್ದಾಗ ತರಗೆಲೆಯ ಬಣ್ಣ ಕೆಲಸಕ್ಕೆ ಬರುವುದಿಲ್ಲ, ಆಗ ಬೊಟ್ಟು ತೋರಿಸಿ ಹಕ್ಕಿಯ ಕೊಕ್ಕನ್ನು ರೆಕ್ಕೆಯ ಅಂಚಿಗೆ ತಿರುಗಿಸಿದರೆ ಜೀವ ಉಳಿಯುತ್ತದೆ. ಬೇಸಿಗೆಯಲ್ಲಿ ನೆಲವೆಲ್ಲ ತರಗೆಲೆ, ಸುಮ್ಮನೆ ಕೂತರೆ ಸಾಕು. ಅಂದ ಹಾಗೆ, ಚಿಟ್ಟೆಯ ರೆಕ್ಕೆ ಪುಡಿ ತಾಗಿದರೆ ಕಣ್ಣು ಹೋಗುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಾರಲ್ಲ, ಹಾಗೇನೂ ಆಗುವುದಿಲ್ಲ. ಆದರೆ ಹಿಡಿದರೆ ಆ ಪುಡಿ ಉದುರಿ ನಷ್ಟವಾಗುವುದು ಚಿಟ್ಟೆಗೆ.

ರಾತ್ರಿಯ ಕೂಗು. ನಡುಗುವ ದನಿ, ಹಳೆಯ ಮಾವಿನ ಮರ, ತೋಟದ ಅಂಚು, ಚಳಿಗಾಲ. ಇಷ್ಟನ್ನು ಸೇರಿಸಿದರೆ ಮೈಯೆಲ್ಲ ಮಚ್ಚೆಯಿರುವ ಕಾಡುಗೂಬೆ ಇರಬೇಕು ಅನಿಸುತ್ತದೆ. ಇದರ ಕೂಗು ಹೂವಾ-ಆ-ಆ ಅಂತ ಅಳುವಿಗೆ ಹತ್ತಿರ, ಮೊದಲ ಸಲ ಕೇಳಿದಾಗ ನನಗೂ ಮೈ ಜುಮ್ ಅಂದಿತ್ತು. ಚಳಿಗಾಲದಿಂದ ಬೇಸಿಗೆವರೆಗೆ ಮರಿ ಮಾಡುವ ಕಾಲ, ಗಂಡು ಹೆಣ್ಣು ಕರೆದುಕೊಳ್ಳುತ್ತವೆ. ಹಾಲಕ್ಕಿ ಅನ್ನುವ ಪುಟ್ಟ ಗೂಬೆಯ ದನಿ ಇದಲ್ಲ, ಅದು ಜೋಡಿಯಾಗಿ ಕಿಚಿಪಿಚಿ ಜಗಳ ಆಡಿದ ಹಾಗಿರುತ್ತದೆ. ಗೂಬೆಗೆ ಮನೆಯವರ ಆಯಸ್ಸಿನ ಲೆಕ್ಕ ಗೊತ್ತಿಲ್ಲ, ತೋಟದ ಇಲಿಗಳ ಲೆಕ್ಕ ಗೊತ್ತು. ಅತ್ತೆಯವರ ಹತ್ತಿರ ವಾದಕ್ಕೆ ಹೋಗಬೇಡಿ. ಅವರು ಎಷ್ಟು ವರ್ಷದಿಂದ ಈ ಕೂಗು ಕೇಳುತ್ತಿದ್ದಾರೆ ಅಂತ ಕೇಳಿ. ಬೇರೆ ಹಕ್ಕಿಗಳಿಗೆ ಅವರ ತವರಿನಲ್ಲಿ ಏನು ಹೆಸರಿತ್ತು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ಕೆಂಬೂತಕ್ಕೆ ಒಂದು ಊರಲ್ಲಿ ಸಂಬಾರಗಾಗೆ ಅಂತಾರೆ. ಆ ಹೆಸರುಗಳು ಆಪ್‌ನಲ್ಲಿ ಸಿಗುವುದಿಲ್ಲ.

ಕೊಳ್ಳುವ ವಿಷಯ. ಮೊದಲು ಬೈನಾಕ್ಯುಲರ್. 8×42 ಅಂತ ಬರೆದಿರುವುದು ಸಾಕು, ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಮಲೆನಾಡಿನ ಮಬ್ಬು ಬೆಳಕಿಗೆ ಗಾಜು ಅಗಲವಿರಬೇಕು. ಹತ್ತು ಪಟ್ಟಿನದು ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ. ಹತ್ತಿರದ ಚಿಟ್ಟೆಗೂ ಫೋಕಸ್ ಆಗುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿ. ಕ್ಯಾಮೆರಾ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫೋಟೊ ಹೊಡೆಯುವವರು ಹಕ್ಕಿಯನ್ನು ನೋಡುವುದು ಮನೆಗೆ ಬಂದ ಮೇಲೆ. ಚಿಟ್ಟೆಗೆ ಫೋನಿನ ಫೋಟೊ ಸಾಕು, ರೆಕ್ಕೆ ಬಿಚ್ಚಿದಾಗ ಒಂದು, ಮುಚ್ಚಿದಾಗ ಒಂದು.

ಆಪ್ ಬಿಡಬೇಕಾಗಿಲ್ಲ. ಅದು ಕೊಡುವುದು ಸುಳಿವು, ತೀರ್ಪಲ್ಲ. ನಿಮ್ಮ ಭಾಗದ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಕೂಗು ನಿಮ್ಮ ನೋಟ್‌ಬುಕ್ಕಿಗೆ ಇಳಿದ ಮೇಲೆ ಆಪ್ ತೆರೆಯಿರಿ, ಮೊದಲಲ್ಲ. ಒಂದು ಮಾತ್ರ ಮಾಡಬೇಡಿ. ಹಕ್ಕಿ ಹೊರಗೆ ಬರಲಿ ಅಂತ ಫೋನಿನಲ್ಲಿ ಅದರ ಕೂಗು ಹಾಕುವವರಿದ್ದಾರೆ. ಅದಕ್ಕೆ ಇನ್ನೊಂದು ಗಂಡು ತನ್ನ ಜಾಗಕ್ಕೆ ಬಂತು ಅನಿಸುತ್ತದೆ. ಗೂಡು ಬಿಟ್ಟು, ಮೇವು ಬಿಟ್ಟು, ಇಲ್ಲದ ಶತ್ರುವನ್ನು ಹುಡುಕುತ್ತದೆ.

ಕ್ಯಾಂಪಿನ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿ ಹೇಳುತ್ತೇನೆ. ಈಗ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಒಣ ತರಗೆಲೆಯಲ್ಲಿ ಉಣುಗು ಜಾಸ್ತಿ, ರೋಗ ಹರಡುವುದು ಅದರಿಂದಲೇ. ಹಕ್ಕಿ ನೋಡುವವರು ಮಾಡುವ ಕೆಲಸವೇ ತರಗೆಲೆ ಮೇಲೆ ಸದ್ದಿಲ್ಲದೆ ಕೂರುವುದು. ನಿಮ್ಮ ಸೊಪ್ಪಿನ ಬೆಟ್ಟಕ್ಕೂ ಇದೇ ಮಾತು. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಉಣುಗಿನ ಎಣ್ಣೆ, ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ. ಕ್ಯಾಂಪ್ ಬೇಕೇ ಬೇಕು ಅಂದರೆ ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಹೋಗಿ. ಉಂಬಳ ಹತ್ತುತ್ತದೆ, ಅದು ರಕ್ತ ಕುಡಿದು ಬಿಡುತ್ತದೆ ಅಷ್ಟೆ. ಅದಕ್ಕೂ ಮೊದಲು ಆಗಸ್ಟ್ ಹೊತ್ತಿಗೆ ಒಂದು ಭಾನುವಾರ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಗೆ ಹೋಗಿ ಬನ್ನಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತದೆ.

ಇನ್ನು ನಾಲ್ಕನೇ ಹೆಸರು. ರೆಕಾರ್ಡಿಂಗ್‌ನ ಮೂವತ್ತನೇ ಸೆಕೆಂಡಿನಿಂದ ಚಿಪ್, ಚಿಪ್, ಚಿಪ್ ಅಂತ ಬಿಡದೆ ಕೇಳಿಸುತ್ತದಲ್ಲ, ಆಪ್ ಅದಕ್ಕೂ ಒಂದು ಹಕ್ಕಿಯ ಹೆಸರು ಕೊಟ್ಟಿದೆ. ಅದು ಹಕ್ಕಿಯೇ ಅಲ್ಲ. ಬೆನ್ನ ಮೇಲೆ ಮೂರು ಗೆರೆಯಿರುವ ಅಳಿಲು, ಬಹುಶಃ ಅದೇ ಹಲಸಿನ ಮರದ್ದು. ನಡುವೆ ಒಂದು ಕಡೆ ಆ ಚಿಪ್ ಕೂಡ ಸ್ವಲ್ಪ ಕಂಚಿನ ದನಿಯಲ್ಲಿ ಬಂದ ಹಾಗೆ ಕೇಳಿಸಿತು. ಭೀಮರಾಜ ಅಳಿಲನ್ನೂ ಅಣಕಿಸುತ್ತದೆ. ನಾಳೆ ಬೆಳಿಗ್ಗೆ ಮರದ ಬುಡಕ್ಕೆ ಹೋಗಿ ನೋಡಿ, ಅಳಿಲು ಇದ್ದರೆ ನನಗೊಂದು ಸಾಲು ಬರೆಯಿರಿ.